ಎಂಟನೆಯ ಹರಳು

"ಗುರುಗಳೇ, ಸೇಫ್ ಎಂಬ ಇಂಗ್ಲಿಷ್ ಮಾತಿಗೆ ಸರಿಯಾದ ಅರ್ಥವೇನು?"

ಶಿಷ್ಯ ಹೊಸ್ತಿಲಾಚೆಯೇ ನಿಂತು ಕೇಳಿದ. ಗುರುಗಳು ಮಠದ ಕಟ್ಟೆಯ ಮೇಲೆ ವಿಭೂತಿ ಗಟ್ಟಿಗಳನ್ನು ಬಿಸಿಲಿಗೆ ಇಡುತ್ತಿದ್ದರು. ತಲೆ ಎತ್ತಲಿಲ್ಲ.

"ಈ ಮಠದಲ್ಲಿ ಇಂಗ್ಲಿಷ್ ಬಲ್ಲವನು ನೀನೊಬ್ಬ. ನೀನೇ ಬಂದು ನನ್ನನ್ನು ಕೇಳಿದರೆ ಹೇಗಪ್ಪ?"

"ನಿಘಂಟು ನೋಡಿದೆ. ಸುರಕ್ಷಿತ ಎಂದಿದೆ, ಅಪಾಯವಿಲ್ಲದ್ದು ಎಂದಿದೆ. ಗುಣವಾಚಕ ಎಂದೂ ಬರೆದಿದೆ. ಇಷ್ಟು ದಿನ ಅರ್ಥ ಗೊತ್ತಿದೆ ಎಂದುಕೊಂಡೇ ಆಡುತ್ತಿದ್ದೆ. ಇವತ್ತು ಒಬ್ಬ ತಾಯಿ ಕೇಳಿದಳು. ಹೇಳಲು ಬರಲಿಲ್ಲ."

ನಡೆದದ್ದು ಇಷ್ಟು. ಪಾದಯಾತ್ರೆಯ ನಲವತ್ತು ಮಂದಿ ಆ ದಿನ ಮಧ್ಯಾಹ್ನ ಮಠಕ್ಕೆ ಬಂದು ರಾತ್ರಿ ತಂಗುವವರಿದ್ದರು. ಅವರನ್ನು ಕರೆದವನು ಶಿಷ್ಯನೇ. ಹಳೆಯ ಪಡಸಾಲೆಗೆ ಸುಣ್ಣ ಹೊಡೆಸಿ, ಚಾಪೆ ತರಿಸಿ, ಊರೂರಿಗೆ ಹೇಳಿ ಕಳಿಸಿದ್ದ. ಜಾಗ ನೋಡಲೆಂದು ಗುಂಪಿನ ಮುಂದಾಳು ನೀಲಗಂಗವ್ವ ಬೆಳಿಗ್ಗೆಯೇ ಮುಂಚಿತವಾಗಿ ಬಂದಳು. ತಲೆ ಎತ್ತಿ ಪಡಸಾಲೆಯ ಮಾಳಿಗೆಯನ್ನು ಬಹಳ ಹೊತ್ತು ನೋಡಿದಳು. ಶಿಷ್ಯ, "ಸೇಫ್ ಇದೆ ತಾಯಿ, ಚಿಂತೆ ಬೇಡ" ಎಂದ.

"ಸೇಫ್ ಅಂದ್ರ ಏನ್ರಿ ಅಪ್ಪಾರ? ನಮಗ ತಿಳಿಯೂ ಹಂಗ ಹೇಳ್ರಿ."

"ಸುರಕ್ಷಿತ ಅಂತ."

"ಅದೂ ಪುಸ್ತಕದ ಮಾತ ಆತು. ಗುಂಪಿನ್ಯಾಗ ನಮ್ಮತ್ತಿ ಅದಾಳ. ಕಿವಿ ಕೇಳೂದಿಲ್ಲ, ಮೊಣಕಾಲ ಎತ್ತಾಕ ಬರೂದಿಲ್ಲ. ಮ್ಯಾಲಿಂದ ಏನಾರ ಬಿದ್ರ ಓಡವರಲ್ಲ. ಇಲ್ಲಿ ಮಲಗಿಸಲ್ಯೋ ಬ್ಯಾಡೋ, ಅಷ್ಟು ಹೇಳ್ರಿ."

ಶಿಷ್ಯ ಈಗ ಬಂದೆ ಎಂದು ಹೇಳಿ ಗುರುಗಳ ಬಳಿಗೆ ಬಂದಿದ್ದ. ಆಕೆ ಅಂಗಳದ ಬೇವಿನ ಬುಡದಲ್ಲಿ ಕೂತು ಕಾಯುತ್ತಿದ್ದಳು.

ಗುರುಗಳು ಈಗ ತಲೆ ಎತ್ತಿದರು. ಶಿಷ್ಯನ ಮುಖ ನೋಡಿದರು. ಅವನ ಧೋತರದ ಅಂಚನ್ನು ನೋಡಿದರು. ಅಂಚಿಗೆ ಗಾರೆಯ ಬಿಳಿ ಪುಡಿ ಮೆತ್ತಿತ್ತು.

"ಹಣ್ಣು ಕೆಂಪು ಎಂದರೆ ಕಣ್ಣು ಸಾಕ್ಷಿ ಹೇಳುತ್ತದೆ. ಸಾರು ಉಪ್ಪು ಎಂದರೆ ನಾಲಿಗೆ ಹೇಳುತ್ತದೆ. ಹಂಚು ಸುಡುತ್ತದೆ ಎಂದರೆ ಬೆರಳು ಹೇಳುತ್ತದೆ. ಅವೂ ಗುಣವಾಚಕಗಳೇ. ನಿನ್ನ ಈ ಸೇಫ್ ಇದೆಯಲ್ಲ, ಅದಕ್ಕೆ ಸಾಕ್ಷಿ ಹೇಳುವುದು ಯಾವುದು?"

ಶಿಷ್ಯ ಬೇವಿನ ಬುಡದ ಕಡೆ ನೋಡಿದ.

"ಕೂತುಕೋ. ಒಂದು ಕತೆ ಹೇಳುತ್ತೇನೆ. ಆಕೆ ಕಾಯಲಿ. ಸುಳ್ಳು ಕೇಳುವುದಕ್ಕಿಂತ ಕಾಯುವುದು ಮೇಲು."

ಗುರುಗಳು ಹೇಳತೊಡಗಿದರು.

ಒಂದು ಊರಿನ ಹೊರಗೆ ಕಲ್ಲಿನ ಗಣಿ ಇತ್ತು. ಅಲ್ಲಿ ಒಬ್ಬ ಕಲ್ಲುಕುಟಿಗನಿದ್ದ. ಬಂಡೆಗೆ ಕುಳಿ ಕೊರೆದು, ಕುಳಿಗೆ ಮದ್ದು ತುಂಬಿ, ಬತ್ತಿ ಹಚ್ಚಿ ಸಿಡಿಸುವುದು ಅವನ ಕೆಲಸ. ಅವನ ಅಪ್ಪನದೂ ಅದೇ ಕೆಲಸವಾಗಿತ್ತು.

ಆ ಕೆಲಸದವರು ಸಿಡಿಯುವ ಮದ್ದಿಗೆ ಅಷ್ಟು ಹೆದರುವುದಿಲ್ಲ. ಸಿಡಿಯದೆ ಉಳಿದ ಮದ್ದಿಗೆ ಹೆದರುತ್ತಾರೆ. ಏಳು ಕುಳಿಗೆ ತುಂಬಿ ಆರೇ ಸಿಡಿದರೆ, ಏಳನೆಯದು ಕಲ್ಲಿನ ರಾಶಿಯ ಅಡಿಯಲ್ಲಿ ಸುಮ್ಮನೆ ಕೂತಿರುತ್ತದೆ. ಅದರ ಮೇಲೆ ಯಾರದೋ ಹಾರೆ ಬೀಳುತ್ತದೆ. ಆಮೇಲೆ ಮನೆಗೆ ಒಯ್ಯುವುದಕ್ಕೂ ಏನೂ ಸಿಗುವುದಿಲ್ಲ.

ಅದಕ್ಕಾಗಿ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ಕುಳಿಗೊಂದು ಹರಳು. ಮದ್ದು ತುಂಬಿದ ಪ್ರತಿ ಕುಳಿಯ ಬಾಯಿಂದ ಕಲ್ಲುಕುಟಿಗ ಒಂದು ಸಣ್ಣ ಹರಳನ್ನು ಆರಿಸಿಕೊಳ್ಳಬೇಕು. ಎಲ್ಲವನ್ನೂ ಹಿಡಿದು ದಿಬ್ಬ ಹತ್ತಬೇಕು. ದಿಬ್ಬದ ಮೇಲೆ ದೊಡ್ಡ ಗುಂಡುಕಲ್ಲಿನ ಮರೆಯಲ್ಲಿ ಅವನ ಹೆಂಡತಿ ಕೂತಿರುತ್ತಾಳೆ. ಹರಳುಗಳನ್ನು ಅವಳ ಸೆರಗಿಗೆ ಹಾಕಬೇಕು. ಅವಳು ಎಣಿಸಿಕೊಳ್ಳಬೇಕು. ಆಮೇಲೆ ಅವನು ಇಳಿದು ಹೋಗಿ ಬತ್ತಿ ಹಚ್ಚಬೇಕು.

ಒಂದು ಸದ್ದಿಗೆ ಒಂದು ಹರಳು ಅವಳ ಸೆರಗಿನಿಂದ ನೆಲಕ್ಕೆ ಬೀಳುತ್ತದೆ. ಎಲ್ಲ ಖಾಲಿಯಾದ ಮೇಲೆ ಅವಳು ಎದ್ದು ನಿಲ್ಲುತ್ತಾಳೆ. ಗಣಿಯವರೆಲ್ಲ ಕಾಣುವಂತೆ ಸೆರಗು ಕೊಡವುತ್ತಾಳೆ. ಆಗ ಗಣಿಗೆ ಇಳಿಯಬಹುದು. ಒಂದೇ ಒಂದು ಹರಳು ಉಳಿದರೂ ಅವಳು ಏಳುವುದಿಲ್ಲ. ಅವಳು ಏಳದಿದ್ದರೆ ಆ ದಿನಕ್ಕೆ ಕೆಲಸ ಬಂದ್. ಮರುದಿನ ಬಿಸಿಲೇರಿದ ಮೇಲೆಯೇ ಹೋಗಿ ನೋಡುವುದು.

ಇನ್ನೊಂದು ಕಟ್ಟಳೆಯೂ ಇತ್ತು. ಸೆರಗು ಕೊಡವಿದವಳೇ ಮೊದಲು ಇಳಿಯಬೇಕು. ಗಂಡಸರು ಅವಳ ಹಿಂದೆ.

ಇದೇನು ಅನ್ಯಾಯ ಎಂದು ನಿನಗೆ ಅನ್ನಿಸಬಹುದು. ನನಗೂ ಮೊದಲು ಅನ್ನಿಸಿತ್ತು. ಆದರೆ ಯೋಚಿಸು. ಗಂಡನ ಜೀವವನ್ನು ಸೆರಗಿನಲ್ಲಿ ಇಟ್ಟುಕೊಂಡವಳು ಎಣಿಕೆ ತಪ್ಪುವುದಿಲ್ಲ. ಹೆಂಡತಿಯ ಹೆಜ್ಜೆ ಮೊದಲು ಬೀಳುತ್ತದೆ ಎಂದು ಬಲ್ಲವನು ಹರಳು ತಪ್ಪಿಸುವುದಿಲ್ಲ. ಹಿರಿಯರು ಓದಿರಲಿಲ್ಲ, ಆದರೆ ದಡ್ಡರಾಗಿರಲಿಲ್ಲ.

ಆ ಜನಕ್ಕೆ ಸೇಫ್ ಎನ್ನುವುದಕ್ಕೆ ಬೇರೆ ಪದವೇ ಇರಲಿಲ್ಲ. 'ಸೆರಗು ಕೊಡವಿದಳು' ಎನ್ನುತ್ತಿದ್ದರು. ಅಷ್ಟು ಸಾಕಾಗಿತ್ತು.

ಆಮೇಲೆ ಒಬ್ಬ ವ್ಯಾಪಾರಿ ಬಂದು ಗಣಿಯನ್ನು ಗುತ್ತಿಗೆ ಹಿಡಿದ. ಕೆಟ್ಟವನೇನಲ್ಲ. ಕೂಲಿಯನ್ನು ವಾರಕ್ಕೆ ಸರಿಯಾಗಿ ಕೊಡುತ್ತಿದ್ದ. ಎಲ್ಲರಿಗೂ ತಲೆಗೆ ಹೆಲ್ಮೆಟ್ ಕೊಡಿಸಿದ. ಆದರೆ ಪೇಟೆಯವನು, ಅವಸರದವನು. ಮದ್ದು ಸಿಡಿದ ಮೇಲೆ ಪ್ರತಿ ಸಲ "ಸೇಫಾ?" ಎಂದು ಕೂಗುತ್ತಿದ್ದ. ಕಲ್ಲುಕುಟಿಗ ದಿಬ್ಬದ ಕಡೆ ನೋಡುತ್ತಿದ್ದ. ಸೆರಗು ಕೊಡವಿದ್ದು ಕಂಡರೆ "ಸೇಫ್ ರೀ" ಎನ್ನುತ್ತಿದ್ದ. ಮಾತು ಹೊಸದು. ಹೊಸ ಚಪ್ಪಲಿ ಸಿಕ್ಕವರ ಹಾಗೆ ಎಲ್ಲರೂ ಅದನ್ನು ಹಾಕಿಕೊಂಡು ತಿರುಗಿದರು. ಎಮ್ಮೆ ಈದರೆ ಸೇಫಾ ಎಂದರು. ಮಗಳಿಗೆ ಗಂಡು ನೋಡಿದರೆ ಹುಡುಗ ಸೇಫಾ ಎಂದರು. ಯಾರಿಗೂ ಅದರಿಂದ ನಷ್ಟವಾಗಲಿಲ್ಲ. ಗಣಿಯಲ್ಲಿ ಆ ಮಾತಿನ ಕೆಳಗೆ ಇನ್ನೂ ಸೆರಗು ಇತ್ತು.

ಒಂದು ದಿನ ಕಲ್ಲುಕುಟಿಗ ಏಳು ಕುಳಿಗೆ ಮದ್ದು ತುಂಬಿದ. ಬತ್ತಿಗಳನ್ನು ಒಂದಕ್ಕಿಂತ ಒಂದು ಗೇಣು ಉದ್ದವಿರುವಂತೆ ಕತ್ತರಿಸಿದ. ಹಾಗೆ ಕತ್ತರಿಸಿದರೆ ಒಂದಾದ ಮೇಲೆ ಒಂದು ಸಿಡಿಯುತ್ತವೆ, ಎಣಿಸಲು ಬರುತ್ತದೆ. ಏಳು ಹರಳು ಹಿಡಿದು ದಿಬ್ಬ ಹತ್ತಿದ. ಹೆಂಡತಿಯ ಸೆರಗಿಗೆ ಹಾಕಿದ. ಅವಳು ಏಳು ಎಂದಳು. ಅವನು ಏಳು ಎಂದ. ಇಳಿದು ಬಂದ.

ಕೆಳಗೆ ವ್ಯಾಪಾರಿ ನಿಂತಿದ್ದ. ಎಡಗಡೆಯ ಮೂಲೆಯನ್ನು ತೋರಿಸಿದ. ಅಲ್ಲಿ ಹಿಂದಿನ ವಾರ ಕೊರೆದು ಬಿಟ್ಟಿದ್ದ ಒಂದು ಕುಳಿ ಇತ್ತು.

"ಅದನ್ನೂ ತುಂಬಿಬಿಡು. ಎರಡು ಲಾರಿ ನಿಂತಿವೆ. ಇವತ್ತು ತುಂಬಿ ಹೋಗದಿದ್ದರೆ ನಾಳೆ ಬೇರೆ ಗಣಿಗೆ ಹೋಗುತ್ತವೆ. ಆಮೇಲೆ ನಿಮಗೂ ಕೆಲಸವಿಲ್ಲ, ನನಗೂ ಇಲ್ಲ."

ಕಲ್ಲುಕುಟಿಗ ಎಂಟನೆಯ ಕುಳಿಯನ್ನೂ ತುಂಬಿದ. ಉಳಿದ ಬತ್ತಿಯ ತುಂಡನ್ನು ಅಳೆಯದೆ ಸಿಕ್ಕಿಸಿದ. ಕುಳಿಯ ಬಾಯಿಂದ ಒಂದು ಹರಳು ತೆಗೆದ. ದಿಬ್ಬದ ಕಡೆ ನೋಡಿದ. ನೆತ್ತಿಯ ಮೇಲೆ ಬಿಸಿಲು. ವ್ಯಾಪಾರಿ ಕೈಗಡಿಯಾರ ನೋಡುತ್ತಿದ್ದ. ಅಲ್ಲಿಂದ ಕೂಗಿ ಹೇಳಬಹುದಿತ್ತು. ಆದರೆ ಕೂಗಿದ ಲೆಕ್ಕವನ್ನು ಅವಳು ಒಪ್ಪುವುದಿಲ್ಲ, ಹರಳು ತಾ ಎನ್ನುತ್ತಾಳೆ. ಮತ್ತೆ ಹತ್ತಬೇಕು, ಮತ್ತೆ ಇಳಿಯಬೇಕು.

ಎಂಟು ಎಂದು ನನಗೆ ಗೊತ್ತಿದೆಯಲ್ಲ, ನಾನೇ ಎಣಿಸಿಕೊಂಡರಾಯಿತು ಎಂದುಕೊಂಡ. ಹರಳನ್ನು ಚಡ್ಡಿಯ ಕಿಸೆಗೆ ಹಾಕಿಕೊಂಡ. ತಪ್ಪು ಅಷ್ಟೇ. ಕಳ್ಳತನವಲ್ಲ, ಕೊಲೆಯಲ್ಲ. ಒಂದು ಹರಳು ಸೆರಗಿಗೆ ಹೋಗುವ ಬದಲು ಕಿಸೆಗೆ ಹೋಯಿತು.

ಬತ್ತಿ ಹಚ್ಚಿ ಓಡಿ ಬಂದು ಮರೆಯಲ್ಲಿ ಕೂತ. ಎಣಿಸಿದ. ಒಂದು. ಎರಡು. ಮೂರು. ನಾಲ್ಕು. ಐದು. ಆರನೆಯದು ಜೋರಾಗಿ ಬಂತು, ನೆಲ ನಡುಗಿತು. ಏಳು. ಆಮೇಲೆ ಸದ್ದಿಲ್ಲ. ಧೂಳು ಇಳಿಯತೊಡಗಿತು. ಅವನು ಕಿವಿಯನ್ನು ನೆಲಕ್ಕೆ ಹಚ್ಚಿ ಕಾದ. ಎಂಟನೆಯದು ಬರಲಿಲ್ಲ.

ಆರನೆಯದು ಜೋರಾಗಿತ್ತು, ಅದು ಒಂದಲ್ಲ ಎರಡು, ಒಟ್ಟಿಗೆ ಹೋಗಿವೆ ಎಂದು ತನಗೆ ತಾನೇ ಹೇಳಿಕೊಂಡ. ಹಾಗೆ ಆಗುವುದುಂಟು. ಆಗದೆ ಇರುವುದೂ ಉಂಟು. ಬತ್ತಿಯನ್ನು ಅಳೆದಿದ್ದರೆ ಗೊತ್ತಾಗುತ್ತಿತ್ತು. ಅಳೆದಿರಲಿಲ್ಲ.

ದಿಬ್ಬದ ಮೇಲೆ ಹೆಂಡತಿ ಎದ್ದು ನಿಂತಳು. ಏಳು ಹರಳು ಬಿದ್ದಿದ್ದವು. ಎರಡು ಕೈಯಲ್ಲೂ ಸೆರಗು ಹಿಡಿದು ಕೊಡವಿದಳು. ಅವಳು ಮಾಡಿದ್ದು ಸರಿಯಾಗಿಯೇ ಇತ್ತು.

"ಸೇಫಾ?" ವ್ಯಾಪಾರಿ ಕೂಗಿದ.

ಕಲ್ಲುಕುಟಿಗನ ಕೈ ಕಿಸೆಯಲ್ಲಿತ್ತು. ಹರಳು ಬೆರಳಿಗೆ ಸಿಗುತ್ತಿತ್ತು. ಇಲ್ಲ ಎಂದರೆ ಲಾರಿಗಳು ಖಾಲಿ ಹೋಗುತ್ತವೆ. ಅದನ್ನಾದರೂ ತಾಳಿಕೊಳ್ಳಬಹುದು. ಹಿರಿಯರ ಕಟ್ಟಳೆ ಮುರಿದೆ ಎಂದು ಇಪ್ಪತ್ತು ಮಂದಿಯ ಎದುರು ತಾನೇ ಹೇಳಬೇಕು. ಅದು ಆಗುವ ಮಾತಲ್ಲ ಅನ್ನಿಸಿತು.

"ಸೇಫ್ ರೀ" ಎಂದ.

ನೋಡು, ಆ ಗಣಿಯಲ್ಲಿ ಆ ಮಾತಿನ ಕೆಳಗೆ ಏನೂ ಇಲ್ಲದೆ ಅದು ಹೊರಬಿದ್ದದ್ದು ಅದೇ ಮೊದಲು. ಕೇಳಿದವರಿಗೆ ಮೊದಲಿನ ಹಾಗೆಯೇ ಕೇಳಿಸಿತು.

ಹೆಂಡತಿ ಇಳಿಯತೊಡಗಿದಳು. ಗಂಡಸರು ಹಾರೆ, ಸುತ್ತಿಗೆ ಹೆಗಲಿಗಿಟ್ಟು ಅವಳ ಹಿಂದೆ ಸಾಲಾದರು. ಅವಳು ಇಳಿದರೆ ಯಾವಾಗಲೂ ಎಡಗಡೆಯಿಂದ ಬರುವವಳು. ಅಲ್ಲಿ ಇಳಿಜಾರು ಕಡಿಮೆ. ಎಂಟನೆಯ ಕುಳಿ ಇದ್ದದ್ದು ಎಡಗಡೆಯ ಮೂಲೆಯಲ್ಲಿ. ಈಗ ಅದರ ಮೇಲೆ ಕಲ್ಲು ರಾಶಿ ಬಿದ್ದಿತ್ತು.

ಕಲ್ಲುಕುಟಿಗ ನೋಡುತ್ತ ನಿಂತ. ಎರಡು ಒಟ್ಟಿಗೆ ಹೋಗಿವೆ ಎಂದುಕೊಂಡ. ಅವಳು ಆ ರಾಶಿಗೆ ಹತ್ತು ಮಾರು ದೂರ ಇದ್ದಳು. ಒಟ್ಟಿಗೆ ಹೋಗಿವೆ. ಅವಳು ಎಂಟು ಮಾರು ದೂರ ಇದ್ದಳು. ಅವಳ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಖಂಡಿತ ಒಟ್ಟಿಗೆ ಹೋಗಿವೆ. ಆರು ಮಾರು. ಒಂದು ಕಲ್ಲು ಅಲುಗಾಡಿ ಅವಳ ಮುಂದೆ ಉರುಳಿತು. ಅವಳು ಹೆದರಲಿಲ್ಲ. ಯಾಕೆ ಹೆದರಬೇಕು? ಸೆರಗು ಖಾಲಿ ಇತ್ತಲ್ಲ. ಅವಳು ಹಿಂದೆ ತಿರುಗಿ ಗಂಡಸರನ್ನು "ಬರ್ರಿ" ಎಂದು ಕರೆದಳು. ಮೂರು ಮಾರು ಉಳಿದಿತ್ತು.

ಅವಳ ಆ ಧೈರ್ಯ ಅವನಿಗೆ ತಾಳಲಿಕ್ಕಾಗಲಿಲ್ಲ. ಅದು ಅವನು ಕೊಟ್ಟ ಏಳು ಹರಳಿನ ಧೈರ್ಯವಾಗಿತ್ತು.

"ನಿಲ್ಲ! ಮುಂದ ಕಾಲ ಇಡಬ್ಯಾಡ!"

ಅವಳು ಎತ್ತಿದ ಕಾಲು ಎತ್ತಿದಂತೆಯೇ ನಿಂತಳು. ಹಿಂದಿನ ಇಪ್ಪತ್ತು ಮಂದಿಯೂ ನಿಂತರು.

"ಸೆರಗ ಝಾಡಿಸೇನಿ. ಖಾಲಿ ಐತಿ" ಎಂದಳು.

"ನನ್ನ ಕಿಸೆ ಖಾಲಿ ಇಲ್ಲ" ಎಂದ.

ಕೈ ಹೊರಗೆ ತೆಗೆದು ಹರಳು ತೋರಿಸಿದ. ಅಷ್ಟು ದೂರದಿಂದ ಹರಳು ಕಾಣುವಂತಿರಲಿಲ್ಲ. ಆದರೆ ಎರಡು ಬೆರಳಿನ ನಡುವೆ ಏನನ್ನೋ ಎತ್ತಿ ಹಿಡಿದದ್ದು ಎಲ್ಲರಿಗೂ ಕಂಡಿತು. ಅವಳಿಗೆ ಅರ್ಥವಾಯಿತು.

ಅವಳು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟಳು. ತಾನು ಬಂದ ಹೆಜ್ಜೆಯ ಗುರುತಿನ ಮೇಲೆಯೇ ಒಂದೊಂದೇ ಹೆಜ್ಜೆ ಇಡುತ್ತ ಹಿಂದೆ ಸರಿದಳು. ಹತ್ತು ಮಾರು ಸರಿಯಲು ಬಹಳ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ಅವನು ಕೈ ಇಳಿಸಲಿಲ್ಲ.

ದಿಬ್ಬದ ಮೇಲೆ ಅವಳು ಸೆರಗು ಒಡ್ಡಿದಳು. ಅವನು ಹರಳು ಹಾಕಿದ. ಅವಳು ಗಂಟು ಹಾಕಿ ಗುಂಡುಕಲ್ಲಿನ ಮರೆಯಲ್ಲಿ ಕೂತಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ವ್ಯಾಪಾರಿ ಹಾರಾಡಿದ. ಕೈ ಮುಗಿದ. ಮತ್ತೆ ಹಾರಾಡಿದ. ಅವಳು ಏಳಲಿಲ್ಲ. ಲಾರಿಗಳು ಖಾಲಿ ಹೋದವು.

ಮರುದಿನ ಬಿಸಿಲೇರಿದ ಮೇಲೆ ಕಲ್ಲುಕುಟಿಗ ಒಬ್ಬನೇ ಇಳಿದ. ಎಡಗಡೆಯ ಕಲ್ಲುಗಳನ್ನು ಕೈಯಿಂದಲೇ ಒಂದೊಂದಾಗಿ ಎತ್ತಿಟ್ಟ. ಹಾರೆ ಮುಟ್ಟಲಿಲ್ಲ. ಅವಳು ಮೇಲಿನಿಂದ ನೋಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಕುಳಿ ಕಂಡಿತು. ಬುಡದವರೆಗೂ ಸೀಳಿ ಹೋಗಿತ್ತು. ಎಂಟನೆಯದೂ ನಿನ್ನೆಯೇ ಸಿಡಿದಿತ್ತು. ಆರನೆಯದರ ಜೊತೆಗೆ ಒಟ್ಟಿಗೆ ಹೋಗಿತ್ತು.

ವ್ಯಾಪಾರಿ ಗಟ್ಟಿಯಾಗಿ ನಕ್ಕ. "ನೋಡಿದಿರಾ? ನಿನ್ನೆಯೇ ಸೇಫ್ ಇತ್ತು. ಒಂದು ಹರಳಿಗೆ ಹೆದರಿ ಎರಡು ಲಾರಿ ಕಳಕೊಂಡಿರಿ."

"ಇವತ್ತ ಸೇಫ್ ಐತ್ರಿ ಸಾವಕಾರ್ರ. ನಿನ್ನಿ ಇರಲಿಲ್ಲ" ಎಂದಳು ಅವಳು.

"ಅದೇ ಕುಳಿ, ಅದೇ ಕಲ್ಲು. ನಿನ್ನೆಗೂ ಇವತ್ತಿಗೂ ಏನು ಬದಲಾಯಿತು?"

"ಇವರ ಕಿಸೆ" ಎಂದಳು.

ವ್ಯಾಪಾರಿಯ ನಗು ನಿಂತಿತು. ಕಲ್ಲುಕುಟಿಗ ತಲೆ ತಗ್ಗಿಸಿ ನಿಂತಿದ್ದ. ಅವಳು ಸೆರಗಿನ ಗಂಟು ಬಿಚ್ಚಿ ಎಂಟನೆಯ ಹರಳನ್ನು ನೆಲಕ್ಕೆ ಹಾಕಿದಳು. ಸೆರಗು ಕೊಡವಿದಳು. ಆಮೇಲೆ ಮೊದಲಿನ ಹಾಗೆಯೇ ಎಲ್ಲರಿಗಿಂತ ಮುಂದೆ ಇಳಿದಳು.

ಅಂದಿನಿಂದ ಆ ಗಣಿಯಲ್ಲಿ ಮೂರನೆಯ ಕಟ್ಟಳೆಯೊಂದು ಸೇರಿತು. ಬತ್ತಿ ಹಚ್ಚಲು ಹೋಗುವವನು ಮೊದಲು ತನ್ನ ಎರಡೂ ಕಿಸೆಗಳನ್ನು ಹೊರಗೆ ಎಳೆದು ತೋರಿಸಬೇಕು. ಕಿಸೆ ಒಳಗೆ ಹಾಕಿಕೊಳ್ಳದೆ ಹಾಗೆಯೇ ನೇತಾಡಿಸಿಕೊಂಡು ಇಳಿಯಬೇಕು. ಹೊಸಬರು ನೋಡಿ ನಗುತ್ತಾರೆ. ನಕ್ಕವರನ್ನು ಯಾರೂ ಗದರಿಸುವುದಿಲ್ಲ. ಕತೆ ಹೇಳುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ಬಿಸಿಲು ಸರಿದಿತ್ತು. ವಿಭೂತಿ ಗಟ್ಟಿಗಳನ್ನು ನೆರಳಿನಿಂದ ಬಿಸಿಲಿಗೆ ಸರಿಸಿದರು. ಬೇವಿನ ಬುಡದಲ್ಲಿ ನೀಲಗಂಗವ್ವ ಎದ್ದು ನಿಂತು ರಸ್ತೆಯ ಕಡೆ ನೋಡುತ್ತಿದ್ದಳು. ದೂರದಲ್ಲಿ ತಾಳದ ಸದ್ದು ಕೇಳುತ್ತಿತ್ತು. ಗುಂಪು ಊರ ಹತ್ತಿರ ಬಂದಿತ್ತು.

ಶಿಷ್ಯನ ಮುಖದಲ್ಲಿ ಸ್ವಲ್ಪ ಗೆಲುವು ಬಂತು.

"ಆದರೂ ಗುರುಗಳೇ, ಕುಳಿ ಸಿಡಿದೇ ಇತ್ತಲ್ಲ. ಅವನು ಸುಮ್ಮನಿದ್ದಿದ್ದರೂ ಯಾರಿಗೂ ಏನೂ ಆಗುತ್ತಿರಲಿಲ್ಲ."

ಗುರುಗಳು ಕೈಗೆ ಮೆತ್ತಿದ ವಿಭೂತಿಯನ್ನು ಕೊಡವಿಕೊಂಡರು. ಶಿಷ್ಯನ ಧೋತರದ ಅಂಚಿನ ಬಿಳಿ ಪುಡಿಯ ಮೇಲೆ ಕಣ್ಣಿಟ್ಟರು.

"ಬೆಳಿಗ್ಗೆ ಆಕೆ ಬರುವ ಮುಂಚೆ ಮಾಳಿಗೆಯಿಂದ ಉದುರಿದ ಗಾರೆಯನ್ನು ನೀನು ಗುಡಿಸಿ ಹಿತ್ತಲಿಗೆ ಹಾಕಿದ್ದು ಎಷ್ಟು ಬುಟ್ಟಿ?"